ನಿಲ್ಲಲಾರದವರ ತೂಕ

ಜೂನ್ 4

ಅತ್ತಿಗೆಗೆ ನಮಸ್ಕಾರ.

ಪತ್ರ ಕಂಡು ಹುಬ್ಬೇರಿಸುತ್ತೀರಿ, ಗೊತ್ತು. ಫೋನಿನಲ್ಲಿ ನಾವಿಬ್ಬರೂ ಮೂರು ನಿಮಿಷ ದಾಟಿ ಮಾತಾಡಿದ ನೆನಪು ನನಗಿಲ್ಲ. ಅಷ್ಟರೊಳಗೆ ನೀವು ಅಣ್ಣನ ಕೈಗೆ ಫೋನ್ ದಾಟಿಸಿರುತ್ತೀರಿ, ಇಲ್ಲವೇ ನನಗೆ ವಾರ್ಡಿನಿಂದ ಕರೆ ಬಂದಿರುತ್ತದೆ. ಈಗ ಕೇಳಬೇಕಾದದ್ದು ಮೂರು ನಿಮಿಷದ ಮಾತಲ್ಲ.

ಇಪ್ಪತ್ತೈದು ವರ್ಷ ವಾರ್ಡಿನಲ್ಲಿ ಕಳೆದು, ನಲವತ್ತೇಳನೆಯ ವಯಸ್ಸಿನಲ್ಲಿ ನರ್ಸಿಂಗ್ ಸ್ನಾತಕೋತ್ತರಕ್ಕೆ ಸೇರಿದ್ದೇನೆಂದು ಅಣ್ಣ ಹೇಳಿರಬೇಕು. ಉಳಿದ ವಿಷಯಗಳನ್ನೆಲ್ಲ ಹೇಗೋ ನುಂಗಿದೆ. ಒಂದು ಮಾತ್ರ ಗಂಟಲಲ್ಲಿ ಕೂತಿದೆ: ಬಹುಚರ ಸಂಖ್ಯಾಶಾಸ್ತ್ರ, ಅಂದರೆ ನೀವು ನಿಮ್ಮ ಕಾಲೇಜಿನಲ್ಲಿ ಕಲಿಸುವ ವಿಷಯವೇ. ನಮ್ಮ ಮೇಷ್ಟ್ರಿಗೆ ಕಂಪ್ಯೂಟರ್ ಪರದೆಯ ಮೇಲೆ ಬಾಣವನ್ನು ಎಲ್ಲಿಗೆ ಒಯ್ಯಬೇಕೆಂಬುದಷ್ಟೇ ಗೊತ್ತು. ಇದು ಏನನ್ನು ಅಳೆಯುತ್ತದೆ ಎಂದು ಕೇಳಿದ್ದಕ್ಕೆ, "ಸಿಸ್ಟರ್, ಕಾರು ಓಡಿಸೋರಿಗೆ ಇಂಜಿನ್ ಉಸಾಬರಿ ಯಾಕೆ?" ಅಂದರು. "ಕೆಟ್ಟು ನಿಂತ್ರೆ ತಳ್ಳೋರು ನಾವೇ ಅಲ್ವಾ ಸರ್," ಅಂದೆ. ಅಂದಿನಿಂದ ಅವರು ನನ್ನ ಬೆಂಚಿನ ಕಡೆ ನೋಡುವುದಿಲ್ಲ.

ನನ್ನ ಪ್ರಬಂಧದ ವಿಷಯ ಹಾಸಿಗೆ ಹುಣ್ಣು. ಮಲಗಿದಲ್ಲೇ ಮಲಗಿದವರ ಬೆನ್ನಿಗೂ ಸೊಂಟಕ್ಕೂ ಹಿಮ್ಮಡಿಗೂ ಬರುವುದು. ನಮ್ಮ ವಾರ್ಡಿನಲ್ಲಿ ಎರಡು ಸಾಲು. ಪೂರ್ವದ ಸಾಲಿಗೆ ಎರಡು ಜೊತೆ ಆಯಾಗಳಿದ್ದಾರೆ, ಎರಡು ಗಂಟೆಗೊಮ್ಮೆ ರೋಗಿಗಳನ್ನು ಮಗ್ಗುಲು ಹೊರಳಿಸುತ್ತಾರೆ. ಪಶ್ಚಿಮದ ಸಾಲಿಗೆ ಒಂದೇ ಜೊತೆ, ಅಲ್ಲಿ ನಾಲ್ಕು ಗಂಟೆಗೊಮ್ಮೆ. ಎರಡು ವರ್ಷದ ದಾಖಲೆ ನನ್ನ ಹತ್ತಿರ ಇದೆ: 412 ಜನ. ಕೈಯಲ್ಲಿ ಎಣಿಸಿದರೆ ಪೂರ್ವದಲ್ಲಿ ಮೂವತ್ತು ಜನಕ್ಕೆ ಹುಣ್ಣು, ಪಶ್ಚಿಮದಲ್ಲಿ ಐವತ್ತಮೂರು ಜನಕ್ಕೆ. ಸೂಪರಿಂಟೆಂಡೆಂಟರು ಇದನ್ನು ಒಪ್ಪುವುದಿಲ್ಲ, 'ಸರಿಯಾದ ವಿಶ್ಲೇಷಣೆ' ತನ್ನಿ ಅನ್ನುತ್ತಾರೆ. ಹೊರಳಿಸುವುದರಿಂದ ಉಪಯೋಗವಿದೆ ಎಂದು ತೋರಿಸಿದರೆ ಪಶ್ಚಿಮಕ್ಕೂ ಇನ್ನೊಂದು ಜೊತೆ ಕೊಡುತ್ತಾರಂತೆ. ಇಲ್ಲವೆಂದಾದರೆ ಪೂರ್ವದಿಂದಲೂ ಒಂದು ಜೊತೆ ತೆಗೆಯುತ್ತಾರಂತೆ.

ವಯಸ್ಸಿನಲ್ಲಿ ನಿಮಗಿಂತ ಎರಡು ವರ್ಷ ದೊಡ್ಡವಳಾದರೂ ನೆಂಟಸ್ತಿಕೆಯಲ್ಲಿ ಚಿಕ್ಕವಳು. ಚಿಕ್ಕವಳಾಗಿಯೇ ಕೇಳುತ್ತಿದ್ದೇನೆ. ನಮ್ಮ ಭಾಷೆಯಲ್ಲಿ ಹೇಳಿಕೊಡಿ. ಇಂಗ್ಲಿಷಿನಲ್ಲಿ ಅರ್ಥವಾದ ಹಾಗೆ ಅನ್ನಿಸುತ್ತದೆ, ಆಗುವುದಿಲ್ಲ.

ನಿಮ್ಮ ನಾದಿನಿ


ಜೂನ್ 15

ನಾದಿನಿಗೆ,

ನಿನ್ನ ಮೇಷ್ಟ್ರ ಬಗ್ಗೆ ಆಶ್ಚರ್ಯವಿಲ್ಲ. ಆರೋಗ್ಯ ವಿಜ್ಞಾನದವರಿಗೆ ಲೆಕ್ಕ ಕಲಿಸಲು ಹದಿನೆಂಟು ವರ್ಷದಿಂದ ನಿಂತಿದ್ದೇನೆ. ಫಿಸಿಯೋದವರು, ಫಾರ್ಮಸಿಯವರು, ನಿಮ್ಮವರು, ಎಲ್ಲರ ಪ್ರಶ್ನೆಯೂ ಒಂದೇ: "ಮೇಡಂ, ಇದಕ್ಕೆ ಯಾವ ಟೆಸ್ಟು?" ತಲೆನೋವಿಗೆ ಯಾವ ಮಾತ್ರೆ ಎಂದು ಕೇಳುವ ಹಾಗೆ. ಕಂಡ ವ್ಯತ್ಯಾಸ ಬರೀ ಆಕಸ್ಮಿಕವಿರಬಹುದೇ ಎಂದು ಹೇಳುವ ಪಿ ಬೆಲೆ 0.05ಕ್ಕಿಂತ ಕೆಳಗೆ ಬಂದರೆ ಗಂಡು ಹುಟ್ಟಿದಷ್ಟು ಸಡಗರ, ಮೇಲೆ ಹೋದರೆ ಸೂತಕದ ಮುಖ. ನಡುವೆ ಯೋಚನೆ ಎಂಬುದೊಂದು ಇರುತ್ತದೆ ಎಂದು ಅವರಿಗೆ ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ, ಅವರು ಅದನ್ನೂ ಬರೆದುಕೊಳ್ಳುತ್ತಾರೆ.

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಉರಿ ಜೋರಾಗಿತ್ತು, ಪಾತ್ರೆ ಸಣ್ಣದಿತ್ತು, ಹಾಲು ಹೆಚ್ಚಿತ್ತು, ಅದೇ ಹೊತ್ತಿಗೆ ಬಾಗಿಲು ಬಡಿದರು. ಯಾವುದರ ತಪ್ಪು ಎಷ್ಟು? ಉಳಿದದ್ದೆಲ್ಲ ಹೀಗೆಯೇ ಇದ್ದು ಉರಿ ಮಾತ್ರ ಸಣ್ಣಗಿದ್ದಿದ್ದರೆ ಎಂದು ಕೇಳುವುದೇ ಬಹುಚರ ವಿಧಾನ. ಏಕಚರ ವಿಧಾನವೂ ಒಂದಿದೆ, ಎಲ್ಲರ ಮನೆಯಲ್ಲೂ ಬಳಕೆಯಲ್ಲಿದೆ: ಸೊಸೆಯ ಮೇಲೆ ಹಾಕುವುದು.

ನಿನ್ನ ಮೂವತ್ತು ಮತ್ತು ಐವತ್ತಮೂರು ಅಂಥದ್ದೇ. ಪಶ್ಚಿಮದ ಸಾಲಿನಲ್ಲಿ ಮುದುಕರು ಹೆಚ್ಚಿದ್ದರೇ? ಸಕ್ಕರೆ ಕಾಯಿಲೆಯವರು? ತೀರಾ ತೆಳ್ಳಗಿನವರು? ಇದನ್ನೆಲ್ಲ ಸರಿಹೊಂದಿಸದೆ ಹೊರಳಿಸಿದ್ದಕ್ಕೆ ಕಿರೀಟ ಇಡಬೇಡ.

ಒಂದೊಂದು ರೋಗಿಗೆ ಒಂದೊಂದು ಸಾಲು ಬರೆ. ಕಾಲಂಗಳು: ಸಾಲು ಯಾವುದು, ವಯಸ್ಸು, ತೂಕ, ಸಕ್ಕರೆ ಕಾಯಿಲೆ, ಎಷ್ಟು ದಿನ ಮಲಗಿದ್ದರು, ಹುಣ್ಣು ಬಂತೇ. ಮೊದಲ ಕೆಲವು ಪುಟಗಳ ನಕಲು ಕಳಿಸು. ಕಂಪ್ಯೂಟರನ್ನು ಈಗಲೇ ಮುಟ್ಟಬೇಡ.

ಅತ್ತಿಗೆ


ಜುಲೈ 2

ಅತ್ತಿಗೆಗೆ,

ನಿಮ್ಮ ಮನೆಯಲ್ಲಿ ಹಾಲು ಕಾಯಿಸುವುದು ಅಣ್ಣ ಎಂದು ನನಗೆ ಗೊತ್ತು. ಆದರೂ ಹೋಲಿಕೆ ಅರ್ಥವಾಯಿತು. ತರಗತಿಯಲ್ಲಿ ನನ್ನ ಪಕ್ಕದವಳಿಗೂ ಹೇಳಿದೆ, ಅವಳಿಗೂ ಅರ್ಥವಾಯಿತು. ನಾಲ್ಕು ತಿಂಗಳಲ್ಲಿ ಬಾಣದ ಮೇಷ್ಟ್ರ ಕೈಲಿ ಆಗದ್ದು ಒಂದು ಪಾತ್ರೆ ಹಾಲಿನಲ್ಲಿ ಆಯಿತು.

ಪುಟಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ತೂಕದ ಕಾಲಮಿನಲ್ಲಿ ಕೆಲವು ಪೆನ್ಸಿಲಿನಲ್ಲಿವೆ, ಬೇಸರಿಸಬೇಡಿ. ನಮ್ಮಲ್ಲಿರುವುದು ನಿಂತು ತೂಗುವ ಯಂತ್ರ ಒಂದೇ. ಅದರ ಮೇಲೆ ನಿಂತವರ ತೂಕ ಪೆನ್ನಿನಲ್ಲಿದೆ. ಉಳಿದವರದ್ದು ಜಟ್ಟಿ ಹೇಳಿದ್ದು. ಜಟ್ಟಿ ಅಂದರೆ ಪೂರ್ವದ ಸಾಲಿನ ದೊಡ್ಡ ಆಯಾ, ಹೆಸರಿಟ್ಟವರು ರೋಗಿಗಳೇ. ತೂಕ ಹೇಳಲು ಪಶ್ಚಿಮಕ್ಕೂ ಅವಳನ್ನೇ ಕರೆಯುತ್ತೇವೆ. ಇಪ್ಪತ್ತು ವರ್ಷ ಜನರನ್ನು ಎತ್ತಿ ಹೊರಳಿಸಿದ ಕೈ. ಎತ್ತಿದ ಕೂಡಲೇ "ನಲವತ್ನಾಲ್ಕು ಸಿಸ್ಟರ್, ಹೋದ ವಾರಕ್ಕಿಂತ ಎರಡು ಇಳಿದಿದೆ," ಅನ್ನುತ್ತಾಳೆ. ತಪ್ಪಿದ್ದು ನಾನು ಕಂಡಿಲ್ಲ.

ನಾದಿನಿ


ಜುಲೈ 13

ನಾದಿನಿಗೆ,

ಪುಟಗಳನ್ನು ನೋಡಿದೆ. ಅಕ್ಷರ ಚೆನ್ನಾಗಿದೆ. ಹೊಗಳಿಕೆ ಅಲ್ಲಿಗೆ ಮುಗಿಯಿತು.

ಪೆನ್ಸಿಲಿನದ್ದನ್ನು ಅಳಿಸು. ಒಂದೂ ಬಿಡದಂತೆ ಎಲ್ಲವನ್ನೂ. ಜಟ್ಟಿಯ ತೋಳು ತಕ್ಕಡಿಯಲ್ಲ. 'ತಪ್ಪಿದ್ದು ಕಂಡಿಲ್ಲ' ಎಂದು ಬರೆದಿದ್ದೀಯ. ತೂಗದೆ ಇದ್ದವರಲ್ಲಿ ತಪ್ಪು ಕಾಣುವುದಾದರೂ ಹೇಗೆ? ನಿಮ್ಮ ವೃತ್ತಿಯವರ ತೊಂದರೆಯೇ ಇದು. 'ನೋಡಿದರೆ ಗೊತ್ತಾಗುತ್ತೆ', 'ಮುಟ್ಟಿದರೆ ಗೊತ್ತಾಗುತ್ತೆ'. ಗೊತ್ತಾಗುವುದಾದರೆ ಓದಲು ಬಂದದ್ದು ಯಾಕೆ? ಅಳೆದದ್ದನ್ನು ಬರೆ, ಅಳೆಯದಿದ್ದರೆ ಖಾಲಿ ಬಿಡು. ಖಾಲಿ ಜಾಗಕ್ಕೆ ಅವಮಾನವಿಲ್ಲ. ಊಹೆಯಿಂದ ತುಂಬಿದ ಜಾಗ ಸುಳ್ಳು.

ಕಟುವಾಗಿ ಬರೆದೆ ಅನ್ನಿಸಬಹುದು. ನನ್ನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಕಟುವಾಗಿ ಹೇಳುತ್ತೇನೆ. ನೀನು ಮನೆಯವಳು.

ಅತ್ತಿಗೆ


ಆಗಸ್ಟ್ 20

ಅತ್ತಿಗೆಗೆ,

ಅಳಿಸಿದೆ. ಎರಡು ರಬ್ಬರು ಸವೆದವು. ಆಮೇಲೆ ಎಲ್ಲವನ್ನೂ ಟೈಪ್ ಮಾಡಿ, ನೀವು ಹೇಳಿದ ಕ್ರಮದಲ್ಲೇ ಕಂಪ್ಯೂಟರಿಗೆ ಕೊಟ್ಟೆ. ಬಂದ ಫಲಿತಾಂಶದ ಮೂರು ಹಾಳೆಗಳನ್ನು ಇಟ್ಟಿದ್ದೇನೆ.

ಅದು ಹೇಳುವ ಪ್ರಕಾರ ಎರಡು ಗಂಟೆಗೊಮ್ಮೆ ಹೊರಳಿಸಿದರೂ ನಾಲ್ಕು ಗಂಟೆಗೊಮ್ಮೆ ಹೊರಳಿಸಿದರೂ ಒಂದೇ. ಪಿ ಬೆಲೆ 0.61.

ನಾನು ಇದನ್ನು ನಂಬಲಾರೆ. ಇಪ್ಪತ್ತೈದು ವರ್ಷ ಈ ಬೆನ್ನುಗಳನ್ನು ತೊಳೆದಿದ್ದೇನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅತ್ತಿಗೆ? ಎಲ್ಲೋ ಏನೋ ತಪ್ಪಾಗಿದೆ. ಎಲ್ಲಿ ಎಂದು ಹೇಳುವಷ್ಟು ವಿದ್ಯೆ ನನಗಿಲ್ಲ. ನೀವು ನೋಡಿ ಹೇಳಿ.

ನಾದಿನಿ


ಸೆಪ್ಟೆಂಬರ್ 1

ನಾದಿನಿಗೆ,

ಅಂಗೈ ಹುಣ್ಣಿಗೆ ಕನ್ನಡಿ ಬೇಡ. ನಾನೂರು ಜನರ ಬೆನ್ನಿನ ಹುಣ್ಣಿಗೆ ಬೇಕು. ಆ ಕನ್ನಡಿಗಾಗಿಯೇ ನೀನು ನನಗೆ ಬರೆದದ್ದು. ಈಗ ಮುಖ ಚೆನ್ನಾಗಿಲ್ಲವೆಂದು ಕನ್ನಡಿಯನ್ನು ಬೈಯುತ್ತಿದ್ದೀಯ.

ತಪ್ಪೇನೂ ಇಲ್ಲ. ಕೈಯಲ್ಲಿ ಎಣಿಸಿದಾಗ ಕಂಡ ವ್ಯತ್ಯಾಸ, ವಯಸ್ಸು, ತೂಕ, ಸಕ್ಕರೆಗಳನ್ನು ಸರಿಹೊಂದಿಸಿದ ಮೇಲೆ ಕರಗಿಹೋಗಿದೆ. ಈ ವಿಧಾನ ಇರುವುದೇ ಅದಕ್ಕೆ. ಪಾಠಪುಸ್ತಕಕ್ಕೆ ಹಾಕುವಂಥ ಉದಾಹರಣೆ. ಕಣ್ಣು ತನಗೆ ಬೇಕಾದದ್ದನ್ನೇ ಎಣಿಸುತ್ತದೆ. ಹಿಂದಿನ ದಿನ ಹೊರಳಿಸದೆ ಬಿಟ್ಟವನ ಹುಣ್ಣು ನಿನಗೆ ನೆನಪಿರುತ್ತದೆ, ಹೊರಳಿಸಿದರೂ ಬಂದ ಹುಣ್ಣು ಮರೆತುಹೋಗುತ್ತದೆ. ಇದು ನಿನ್ನ ತಪ್ಪಲ್ಲ, ಮನುಷ್ಯರ ತಪ್ಪು. ನಿನ್ನ ವೃತ್ತಿಯಲ್ಲಿ ಸ್ವಲ್ಪ ಹೆಚ್ಚು.

'ವ್ಯತ್ಯಾಸ ಕಂಡುಬಂದಿಲ್ಲ' ಎಂದು ಬರೆ. 'ಇಲ್ಲ' ಎಂದು ಬರೆಯಬೇಡ, ಎರಡೂ ಬೇರೆ. ಪರೀಕ್ಷಕರು ಕೇಳುತ್ತಾರೆಂದು ವಿಶ್ಲೇಷಣೆ ಪರಿಶೀಲಿಸಿದ್ದೇನೆ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿ ಇಟ್ಟಿದ್ದೇನೆ.

ಕೊನೆಗೊಂದು ಮಾತು. ನಿನ್ನ ಕೆಲಸ ಪರವಾಗಿಲ್ಲ. ಇದನ್ನು ನಾನು ವರ್ಷಕ್ಕೆ ಇಬ್ಬರಿಗೆ ಹೇಳುವುದು.

ಅತ್ತಿಗೆ


ಅಕ್ಟೋಬರ್ 3

ಅತ್ತಿಗೆಯವರಿಗೆ ನಮಸ್ಕಾರಗಳು.

ಮೌಖಿಕ ಪರೀಕ್ಷೆ ಮುಗಿಯಿತು. ಡಿಸ್ಟಿಂಕ್ಷನ್ ಬಂದಿದೆ. ನಿಮ್ಮ ಪ್ರಮಾಣಪತ್ರವನ್ನು ಪರೀಕ್ಷಕರು ಮೆಚ್ಚಿದರು. ಸೂಪರಿಂಟೆಂಡೆಂಟರು ಪ್ರಬಂಧದ ಒಂದು ಪ್ರತಿ ತರಿಸಿಕೊಂಡರು. ಸಹಾಯಕ್ಕೆ ಕೃತಜ್ಞತೆಗಳು. ಅಣ್ಣನಿಗೆ ತಿಳಿಸಿ.

ನಾದಿನಿ


ಅಕ್ಟೋಬರ್ 12

ನಾದಿನಿಗೆ,

ಡಿಸ್ಟಿಂಕ್ಷನ್ ಬಂದವರು ಬರೆಯುವ ಪತ್ರವೇ ಇದು? ಏಳು ವಾಕ್ಯ, ಅದರಲ್ಲಿ ಮೂರು ಸರ್ಕಾರಿ. ನಿನ್ನ ಅಣ್ಣ ಎರಡು ಸಲ ಓದಿ, "ಇವಳಿಗೆ ಏನೋ ಆಗಿದೆ ಕಣೇ," ಅಂದರು. ಆಗಿರುವುದು ಇಷ್ಟೇ ಎಂದು ನಾನು ಹೇಳಿದೆ: ಅಂಕಿ ಗೆದ್ದಿತು, ಅನುಭವ ಸೋತಿತು, ಅನುಭವಕ್ಕೆ ಮುನಿಸು. ಸರಿಹೋಗುತ್ತದೆ.

ನಿನ್ನ ಪ್ರಬಂಧವನ್ನು ಹೋದ ವಾರ ತರಗತಿಯಲ್ಲಿ ಬಳಸಿದೆ. ಹೆಸರು ಹೇಳಲಿಲ್ಲ. ಕಾಲು ಶತಮಾನದ ನಂಬಿಕೆಯನ್ನು ಒಂದು ಕೋಷ್ಟಕದ ಮುಂದೆ ಬಿಟ್ಟುಕೊಟ್ಟ ನರ್ಸ್ ಒಬ್ಬರಿದ್ದಾರೆ ಎಂದೆ. ಹಿಂದಿನ ಬೆಂಚಿನವರೂ ತಲೆಯೆತ್ತಿದರು. ಅಂಥ ಪ್ರಾಮಾಣಿಕತೆ ಅವರಿಗೆ ಹೊಸದು. ಹೆಮ್ಮೆ ಪಡಬೇಕಾದದ್ದಕ್ಕೆ ಮುಖ ಊದಿಸಿಕೊಳ್ಳಬೇಡ.

ಅತ್ತಿಗೆ


ನವೆಂಬರ್ 9

ಅತ್ತಿಗೆ,

ನನ್ನ ಮುಖ ಊದಿಲ್ಲ. ನಿಮಗೆ ಹೇಳದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ.

ಸೂಪರಿಂಟೆಂಡೆಂಟರು ನನ್ನ ಪ್ರಬಂಧದ ಕೊನೆಯ ಪುಟವನ್ನು ಮಾತ್ರ ಓದಿದರು. ನೀವು ಹೇಳಿದ ಹಾಗೆ 'ಕಂಡುಬಂದಿಲ್ಲ' ಎಂದೇ ಬರೆದಿದ್ದೆ. 'ಕಂಡುಬಂದಿಲ್ಲ' ಮತ್ತು 'ಇಲ್ಲ' ಇವುಗಳ ವ್ಯತ್ಯಾಸ ನಿಮ್ಮ ತರಗತಿಯಲ್ಲಿದೆ, ಅವರ ಕೋಣೆಯಲ್ಲಿಲ್ಲ. ಅಕ್ಟೋಬರ್ ಒಂದರಿಂದ ಪೂರ್ವದ ಸಾಲಿನಿಂದ ಒಂದು ಜೊತೆ ಆಯಾಗಳನ್ನು ತೆಗೆದರು. ಜಟ್ಟಿಯನ್ನು ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಈಗ ವಾರ್ಡಿನ ಎರಡೂ ಸಾಲಿಗೆ ನಾಲ್ಕು ಗಂಟೆ. ಆದೇಶದ ಕೆಳಗೆ ಆಧಾರ ಎಂದು ನನ್ನ ಪ್ರಬಂಧದ ಹೆಸರು ಹಾಕಿದ್ದಾರೆ. ಜಟ್ಟಿ ನನ್ನನ್ನು ಕಂಡರೆ ಮಾತಾಡಿಸುತ್ತಾಳೆ, ಅದೇ ಕಷ್ಟ.

ಪೂರ್ವದ ಮೂರನೇ ಹಾಸಿಗೆಯಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರಿದ್ದಾರೆ. ಪಾರ್ಶ್ವವಾಯು. ಮೂರು ವಾರದ ಹಿಂದೆ ಬೆನ್ನು ನಯವಾಗಿತ್ತು. ಈಗ ಸೊಂಟದ ಕೆಳಗೆ ನನ್ನ ಹೆಬ್ಬೆರಳು ಹೋಗುವಷ್ಟು ಗುಳಿ. ಮೊನ್ನೆ ತೊಳೆಯುವಾಗ, "ಸಿಸ್ಟರ್, ಈ ಬೆನ್ನು ಬೇರೆ ಯಾರದೋ ಅನ್ನಿಸ್ತಿದೆ. ನೋವು ಮಾತ್ರ ನಂದು," ಅಂದರು.

ಇಂಥವರು ಹಿಂದೆಯೂ ಇದ್ದರಲ್ಲ, ಅವರಿಗೆ ಏನಾಗಿತ್ತು ಎಂದು ನನ್ನ ಹಳೆಯ ಪುಸ್ತಕ ತೆಗೆದೆ. ಪಕ್ಕದಲ್ಲಿ ಕಂಪ್ಯೂಟರಿನ ಮೂರು ಹಾಳೆ. ಮೊದಲ ಹಾಳೆಯ ಬುಡದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಬಳಸಿದ ಪ್ರಕರಣಗಳು 293, ಕೈಬಿಟ್ಟವು 119.

ಕೈಬಿಟ್ಟವರು ಯಾರು ಎಂದು ಒಬ್ಬೊಬ್ಬರನ್ನೇ ಗುರುತು ಹಾಕುತ್ತಾ ಹೋದೆ. ಒಂದು ಭಾನುವಾರ ಪೂರ್ತಿ ಹಿಡಿಯಿತು; ಗುರುತು ಹಾಕಿದ ಪುಸ್ತಕದ ಪೂರ್ತಿ ನಕಲು ಇದರೊಂದಿಗಿದೆ. ನೂರಾಹತ್ತೊಂಬತ್ತು ಜನರದ್ದೂ ತೂಕದ ಜಾಗ ಖಾಲಿ. ಒಂದು ಕಾಲಂ ಖಾಲಿಯಿದ್ದರೆ ಕಂಪ್ಯೂಟರ್ ಆ ಮನುಷ್ಯನನ್ನೇ ಬಿಟ್ಟುಬಿಡುತ್ತದಂತೆ. ಪಕ್ಕದ ಬೆಂಚಿನವಳನ್ನು ಕೇಳಿದೆ, ಬಾಣದ ಮೇಷ್ಟ್ರನ್ನೂ ಕೇಳಿದೆ. "ಅದು ತಾನಾಗೇ ಮಾಡುತ್ತೆ ಸಿಸ್ಟರ್," ಅಂದರು. ಅವರಿಗೂ ಗೊತ್ತಿದೆ ಅತ್ತಿಗೆ.

ತೂಕ ಖಾಲಿ ಯಾಕೆ? ತೂಗುವ ಯಂತ್ರದ ಮೇಲೆ ನಿಲ್ಲಲಾಗದ್ದಕ್ಕೆ. ನಿಲ್ಲಲಾರದವರು ಯಾರು? ತಾವಾಗಿ ಮಗ್ಗುಲು ಹೊರಳಲಾರದವರು. ನಾವು ಲೆಕ್ಕ ಹಾಕಿದ್ದು ಉಳಿದ 293 ಜನರದ್ದು. ಅವರು ಶೌಚಕ್ಕೆ ತಾವೇ ಎದ್ದು ಹೋಗುವವರು, ಕಿಟಕಿಯ ಹತ್ತಿರ ನಿಂತು ಹರಟುವವರು. ಅವರನ್ನು ಎರಡು ಗಂಟೆಗೊಮ್ಮೆ ಹೊರಳಿಸಿದರೇನು, ನಾಲ್ಕು ಗಂಟೆಗೊಮ್ಮೆ ಹೊರಳಿಸಿದರೇನು? ಅವರಲ್ಲಿ ಹುಣ್ಣಾದದ್ದು ಪೂರ್ವದಲ್ಲಿ ಹನ್ನೊಂದು, ಪಶ್ಚಿಮದಲ್ಲಿ ಹನ್ನೊಂದು. ನಿಮ್ಮ ಪಾಠಪುಸ್ತಕದ ಉದಾಹರಣೆ ಇದು.

ಬಿಟ್ಟುಹೋದವರಲ್ಲಿ ಪೂರ್ವದ ಅರವತ್ತು ಜನಕ್ಕೆ ಹತ್ತೊಂಬತ್ತು. ಪಶ್ಚಿಮದ ಐವತ್ತೊಂಬತ್ತು ಜನಕ್ಕೆ ನಲವತ್ತೆರಡು.

ಜಟ್ಟಿಯ ತೋಳು ಇವರನ್ನು ಲೆಕ್ಕದಲ್ಲಿ ಹಿಡಿದಿಟ್ಟಿತ್ತು. ನೀವು ಅಳಿಸು ಅಂದಿರಿ. ಆದರೆ ರಬ್ಬರು ಹಿಡಿದದ್ದು ನನ್ನ ಕೈ, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಫಲಿತಾಂಶ ಬಂದ ದಿನ ತಪ್ಪಿದೆ ಎಂದು ನನಗೆ ಗೊತ್ತಿತ್ತು. ಬೆನ್ನಿಗೆ ಗೊತ್ತಾಗುವ ಹಾಗೆ ಗೊತ್ತಿತ್ತು. ನೀವು 'ಪರವಾಗಿಲ್ಲ' ಎಂದು ಬರೆದಿರಿ. ಮದುವೆಯಾಗಿ ಬಂದ ವರ್ಷ "ಓ, ಬರೀ ಡಿಪ್ಲೊಮಾನಾ?" ಎಂದು ಕೇಳಿದವರಿಂದ ಆ ಮಾತು ಬಂತೆಂದು ನಾನು ಸುಮ್ಮನಾದೆ. ನನ್ನ ಬಗ್ಗೆ ನನಗೆ ಇದಕ್ಕಿಂತ ಹೇಸಿಗೆ ಹುಟ್ಟಿಸಿದ ವಿಷಯ ಬೇರೊಂದಿಲ್ಲ.

ಆದೇಶ ಹಿಂತೆಗೆಸಬೇಕಾದರೆ ವಿಶ್ಲೇಷಣೆ ತಪ್ಪೆಂದು ಅದಕ್ಕೆ ಸಹಿ ಹಾಕಿದವರೇ ಬರೆಯಬೇಕು. ನಾನು ಬರೆದರೆ ನರ್ಸಿನ ಮುನಿಸು ಅನ್ನುತ್ತಾರೆ. ಆ ಮಾತು ನಿಮಗೂ ಪರಿಚಯವಿದೆ.

ನಾದಿನಿ


ನವೆಂಬರ್ 30

ಅತ್ತಿಗೆ,

ಮೂರು ವಾರವಾಯಿತು. ನಿನ್ನೆ ಅಣ್ಣ ಫೋನ್ ಮಾಡಿದ್ದ. "ನಿನ್ನ ಕಾಗದ ಬಂದಾಗಿಂದ ಅವಳು ಸರಿಯಾಗಿ ಊಟ ಮಾಡ್ತಿಲ್ಲ, ಏನ್ ಬರೆದೆ ಮಾರಾಯ್ತಿ?" ಎಂದು ಕೇಳಿದ. ಲೆಕ್ಕದ ವಿಷಯ ಎಂದೆ. ಲೆಕ್ಕಕ್ಕೆ ಊಟ ಬಿಡುವವರು ಇದ್ದಾರೆಂದು ಅವನಿಗೆ ಮದುವೆಯಾದಾಗಲೇ ಗೊತ್ತಿರಬೇಕಿತ್ತು.

ನೀವು ಊಟ ಬಿಡುವುದರಿಂದ ಮೂರನೇ ಹಾಸಿಗೆಯವರಿಗೆ ಉಪಯೋಗವಿಲ್ಲ. ಬರೆಯುತ್ತೀರೋ ಇಲ್ಲವೋ ಅಷ್ಟು ಹೇಳಿ.

ನಾದಿನಿ


ಡಿಸೆಂಬರ್ 6

ನಾದಿನಿಗೆ,

ಮೂರು ವಾರದಲ್ಲಿ ನಿನಗೆ ನಾಲ್ಕು ಉತ್ತರ ಬರೆದೆ. ಮೊದಲನೆಯದರಲ್ಲಿ ತಪ್ಪು ನಿನ್ನದೆಂದು ಸಾಧಿಸಿದ್ದೆ. ಎರಡನೆಯದರಲ್ಲಿ ಕಂಪ್ಯೂಟರಿನದ್ದು. ಮೂರನೆಯದರಲ್ಲಿ ನಿಂತು ತೂಗುವ ಯಂತ್ರ ಒಂದನ್ನೇ ಇಟ್ಟುಕೊಂಡ ಆಸ್ಪತ್ರೆಯದು. ನಾಲ್ಕನೆಯದರಲ್ಲಿ ಕ್ಷಮೆ ಕೇಳಿದ್ದೆ, ಆದರೆ ಎಷ್ಟು ಚೆನ್ನಾಗಿ ಕೇಳಿದ್ದೆ ಎಂದರೆ ಓದಿ ನನಗೇ ವಾಕರಿಕೆ ಬಂತು. ನಾಲ್ಕನ್ನೂ ಹರಿದೆ.

ನೀನು ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಕೇಳದೆ ಬಿಟ್ಟದ್ದು ಮರ್ಯಾದೆಗೋ ತಿರಸ್ಕಾರಕ್ಕೋ ಗೊತ್ತಿಲ್ಲ. ಉತ್ತರ ಹೇಳಿಬಿಡುತ್ತೇನೆ. ಹಾಳೆಯ ಬುಡದ ಆ ಸಾಲನ್ನು ನಾನು ನೋಡಿದ್ದೆ. ನೋಡದೆ ಹೇಗಿರುತ್ತೇನೆ? ವಿದ್ಯಾರ್ಥಿಗಳಿಗೆ ಮೊದಲು ಅದನ್ನೇ ನೋಡಿ ಎನ್ನುತ್ತೇನೆ. ಕೈಬಿಟ್ಟವು 119. ನೀನು ಟೈಪ್ ಮಾಡುವಾಗ ಸಾಲುಗಳನ್ನು ಕೆಡಿಸಿದ್ದೀಯ ಎಂದುಕೊಂಡೆ. ನರ್ಸ್ ಟೈಪ್ ಮಾಡಿದ್ದಲ್ಲವೇ, ನಾಲ್ಕರಲ್ಲೊಂದು ಹೋಗಿರುತ್ತದೆ, ಉಳಿದದ್ದೇ ಸಾಕು ಎಂದುಕೊಂಡೆ. ಒಂದು ಸಾಲು ಬರೆದು ಕೇಳಿದ್ದರೆ ನೀನು ಮರುಟಪಾಲಿನಲ್ಲಿ ಹೇಳುತ್ತಿದ್ದೆ. ಕೇಳಿದರೆ ಮತ್ತೆ ವಾರ್ಡಿನ ಕಥೆ ಆರು ಪುಟ ಬರುತ್ತದೆಂದು ಕೇಳಲಿಲ್ಲ.

ವಿಷಯ ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ವಿಷಯ ಗೊತ್ತಿತ್ತು. ನಿನ್ನನ್ನು ಮಾತ್ರ ಗೊತ್ತುಮಾಡಿಕೊಳ್ಳಲಿಲ್ಲ. ಖಾಲಿ ಜಾಗ ಯಾಕೆ ಖಾಲಿ ಎಂದು ಕೇಳುವುದೇ ಈ ಶಾಸ್ತ್ರದ ಮೊದಲ ಮರ್ಯಾದೆ. ಹದಿನೆಂಟು ವರ್ಷ ಅದನ್ನು ಕಲಿಸಿದ್ದೇನೆಂದು ತಿಳಿದಿದ್ದೆ. ಬಹುಶಃ ಕಲಿಸಿದ್ದು ಇತರರನ್ನು ನೋಡಿ ನಗುವುದನ್ನು ಮಾತ್ರ.

ಜಟ್ಟಿಯ ಅಂದಾಜನ್ನು ಪರೀಕ್ಷಿಸುವುದು ಒಂದು ಮಧ್ಯಾಹ್ನದ ಕೆಲಸವಾಗಿತ್ತು. ನಿಲ್ಲಬಲ್ಲ ಐವತ್ತು ಜನರನ್ನು ಅವಳು ಎತ್ತಿ ಹೇಳಲಿ, ಆಮೇಲೆ ಯಂತ್ರ ಹೇಳಲಿ, ಎರಡನ್ನೂ ಹೋಲಿಸಿದರೆ ಮುಗಿಯಿತು. ಎರಡನೇ ವರ್ಷದ ಹುಡುಗಿಯೊಬ್ಬಳು ಇದನ್ನು ಯೋಚಿಸುತ್ತಿದ್ದಳು. ಈಗ ಆ ಅಂಕಿಗಳೇ ಅಳಿಸಿಹೋಗಿವೆ. ಆದ್ದರಿಂದ ತೂಕದ ಕಾಲಂ ಬಿಟ್ಟು, ಅದರ ಜಾಗದಲ್ಲಿ 'ನಿಲ್ಲಬಲ್ಲರೇ' ಎಂಬ ಕಾಲಂ ಹಾಕಿ ನಾನೇ ಮತ್ತೆ ಮಾಡಿದೆ. ಯಾರೂ ಬಿಟ್ಟುಹೋಗಲಿಲ್ಲ. ನಿಲ್ಲಲಾರದವರಲ್ಲಿ ಹೊರಳಿಸುವುದರಿಂದ ಆಗುವ ವ್ಯತ್ಯಾಸ ಇದೆ, ದೊಡ್ಡದಿದೆ, ವಯಸ್ಸು ಸಕ್ಕರೆಗಳನ್ನು ಸರಿಹೊಂದಿಸಿದರೂ ಕರಗುವುದಿಲ್ಲ.

ಸೂಪರಿಂಟೆಂಡೆಂಟರಿಗೆ ಬರೆದದ್ದರ ಪ್ರತಿ ಇಟ್ಟಿದ್ದೇನೆ. ನನ್ನ ಪ್ರಾಂಶುಪಾಲರಿಗೂ ಒಂದು ಪ್ರತಿ ಕೊಟ್ಟೆ. ಅವರು ಓದಿ, "ಲೆಕ್ಕದ ಮೇಡಂಗೂ ಲೆಕ್ಕ ತಪ್ಪುತ್ತಾ?" ಎಂದು ನಕ್ಕರು. ಆ ನಗು ನನ್ನ ನಗುವಿನ ಹಾಗೆಯೇ ಇತ್ತು.

ನಿನ್ನ ಪದವಿಗೆ ಇದರಿಂದ ತೊಂದರೆಯಾಗುತ್ತದೆ. ಅದು ನಿನಗೆ ನನಗಿಂತ ಮೊದಲೇ ಗೊತ್ತಿತ್ತೆಂದು ಈಗ ಅರ್ಥವಾಗುತ್ತಿದೆ.

ಕ್ಷಮಿಸು.

ಅತ್ತಿಗೆ


ಡಿಸೆಂಬರ್ 6 (ಪ್ರತಿ)

ವೈದ್ಯಕೀಯ ಸೂಪರಿಂಟೆಂಡೆಂಟರಿಗೆ,

ಮಾನ್ಯರೇ, ನಿಮ್ಮ ಅಕ್ಟೋಬರ್ ಒಂದರ ಆದೇಶಕ್ಕೆ ಆಧಾರವಾದ ಪ್ರಬಂಧದ ವಿಶ್ಲೇಷಣೆಯನ್ನು ಪರಿಶೀಲಿಸಿ ಪ್ರಮಾಣೀಕರಿಸಿದವಳು ನಾನು. ಆ ವಿಶ್ಲೇಷಣೆ ತಪ್ಪು. 412 ರೋಗಿಗಳಲ್ಲಿ ಎದ್ದು ನಿಲ್ಲಲಾರದ 119 ಜನ ಅದರಿಂದ ಹೊರಗುಳಿದಿದ್ದರು. ಹಾಗಾಗಲು ಕಾರಣ ನನ್ನ ಸೂಚನೆ. ಹೊರಗುಳಿದದ್ದು ಕಾಗದದ ಮೇಲೆ ಕಂಡಿದ್ದರೂ ವಿಚಾರಿಸದೆ ಸಹಿ ಮಾಡಿದೆ. ಸಂಶೋಧಕಿ ಸಂದೇಹ ವ್ಯಕ್ತಪಡಿಸಿದ್ದರು; ತಳ್ಳಿಹಾಕಿದವಳು ನಾನು. ನನ್ನ ಪ್ರಮಾಣಪತ್ರವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಸರಿಪಡಿಸಿದ ವಿಶ್ಲೇಷಣೆ ಲಗತ್ತಿಸಿದೆ. ಅದರ ಪ್ರಕಾರ, ತಾವಾಗಿ ಹೊರಳಲಾರದ ರೋಗಿಗಳಿಗೆ ನಾಲ್ಕು ಗಂಟೆಯ ಅಂತರ ಹಾನಿಕರ.

(ಸಹಿ)


ಜನವರಿ 4

ಅತ್ತಿಗೆ,

ನಿಮ್ಮ ಪತ್ರ ತಲುಪಿ ಹತ್ತು ದಿನ ಸೂಪರಿಂಟೆಂಡೆಂಟರ ಮೇಜಿನ ಮೇಲೆ ಮಲಗಿತ್ತು. ಅದನ್ನು ಹೊರಳಿಸುವವರೂ ಇರಲಿಲ್ಲ. ಕೊನೆಗೆ ಹದಿನೆಂಟರಂದು ನನ್ನನ್ನು ಕರೆಸಿದರು.

"ಒಮ್ಮೆ ಇಲ್ಲ ಅಂತೀರಿ, ಈಗ ಇದೆ ಅಂತೀರಿ. ಅತ್ತಿಗೆ ನಾದಿನಿ ಸೇರ್ಕೊಂಡು ಆಸ್ಪತ್ರೆ ನಡೆಸ್ತಿದ್ದೀರಾ?" ಎಂದರು. ನೆಂಟಸ್ತಿಕೆ ಅವರಿಗೆ ಯಾರು ಹೇಳಿದರೋ.

"ಎಣಿಸದೆ ಬಿಟ್ಟೋರನ್ನ ಈಗ ಎಣಿಸಿದ್ದೀವಿ ಸರ್," ಎಂದೆ.

"ಡಿಸ್ಟಿಂಕ್ಷನ್ ವಾಪಸ್ ಕೊಡ್ತೀರಾ ಹಾಗಾದ್ರೆ?"

"ಬೆಳಗ್ಗೆನೇ ಕೊಟ್ಟು ಬಂದೆ ಸರ್."

ವಾರ್ಡಿಗೆ ಬನ್ನಿ ಎಂದೆ. ಬಂದರು. ಮೂರನೇ ಹಾಸಿಗೆಯ ಹೊದಿಕೆ ಸರಿಸಿ ತೋರಿಸಿದೆ. ಅವರು ವೈದ್ಯರೇ ಅಲ್ಲವೇ, ಇಪ್ಪತ್ತು ವರ್ಷದಿಂದ ಕಾಗದ ನೋಡುತ್ತಾ ಅದನ್ನು ಮರೆತಿದ್ದರು. ಕರವಸ್ತ್ರ ಮೂಗಿಗೆ ಹಿಡಿದು, "ಮುಚ್ಚಿ, ಮುಚ್ಚಿ," ಎಂದರು. ಡ್ರಾಯಿಂಗ್ ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿಕೊಂಡೇ, "ಡಾಕ್ಟ್ರೇ, ನೀವಾದ್ರೂ ನೋಡಿದ್ರಿ. ನಂಗೆ ಅದು ಕಾಣಲ್ಲ," ಎಂದರು.

ಮರುದಿನ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡರು. ಹುಣ್ಣಿನಿಂದಲೇ ಎಂದು ಹೇಳಲಾರೆ, ಹೃದಯವೂ ದುರ್ಬಲವಾಗಿತ್ತು, ಕಾರಣಗಳು ಒಟ್ಟಿಗೇ ಬರುತ್ತವೆಂದು ನೀವೇ ಕಲಿಸಿದ್ದೀರಿ. ಹುಣ್ಣಿನಿಂದಲ್ಲ ಎಂದೂ ಹೇಳಲಾರೆ. ಉಳಿದದ್ದೆಲ್ಲ ಹಾಗೆಯೇ ಇದ್ದು ಅದೊಂದು ಇಲ್ಲದಿದ್ದರೆ ಎಂದು ಕೇಳಿಕೊಳ್ಳುತ್ತಿರುತ್ತೇನೆ. ನೀವೂ ಕೇಳಿಕೊಳ್ಳಿ.

ಹೊಸ ಆದೇಶ ಈ ತಿಂಗಳ ಒಂದರಂದು ಬಂತು. ಪೂರ್ವಕ್ಕೆ ತೆಗೆದ ಜೊತೆಯನ್ನು, ಜಟ್ಟಿಯನ್ನೂ ಸೇರಿಸಿ, ವಾಪಸ್ ಕೊಟ್ಟಿದ್ದಾರೆ. ಪಶ್ಚಿಮಕ್ಕೆ 'ಪರಿಶೀಲನೆಯಲ್ಲಿದೆ'. ಅಲ್ಲಿಯವರೆಗೆ ಎರಡೂ ಸಾಲಿನ ನಿಲ್ಲಲಾರದವರ ಪಟ್ಟಿ ಮಾಡಿ, ಇದ್ದ ಮೂರು ಜೊತೆಯನ್ನೂ ಎರಡು ಗಂಟೆಗೊಮ್ಮೆ ಹೊರಳಿಸಲು ಅವರಿಗೇ ಮೀಸಲಿಟ್ಟಿದ್ದೇನೆ. ಎದ್ದು ಓಡಾಡುವವರು ತಾವೇ ಹೊರಳಲಿ. ಇದಕ್ಕೆ ಆದೇಶವಿಲ್ಲ, ಯಾರೂ ಕೇಳಿಲ್ಲ. ಪ್ರಬಂಧವನ್ನು ಮತ್ತೆ ಒಪ್ಪಿಸಲು ಆರು ತಿಂಗಳು ಕೊಟ್ಟಿದ್ದಾರೆ. ಹೊಸ ಪ್ರಮಾಣಪತ್ರಕ್ಕೆ ಬೇರೆಯವರನ್ನು ಹುಡುಕಿಕೊಳ್ಳಲು ವಿಶ್ವವಿದ್ಯಾಲಯ ಹೇಳಿದೆ. ನನಗೂ ಅದೇ ಸರಿಯೆನ್ನಿಸಿತು. ಪಾಠ ಮಾತ್ರ ನಿಮ್ಮ ಹತ್ತಿರವೇ ಮುಂದುವರಿಸುತ್ತೇನೆ. ನಿಮ್ಮಷ್ಟು ಚೆನ್ನಾಗಿ ಹೇಳುವವರು ಇಲ್ಲಿಲ್ಲ, ಅದು ನಿಮ್ಮ ದುರದೃಷ್ಟ.

ನೀವು ಕ್ಷಮಿಸು ಎಂದು ಕೇಳಿದ್ದೀರಿ. ಆ ನೂರಾಹತ್ತೊಂಬತ್ತು ಜನರಲ್ಲಿ ಈಗ ಎಷ್ಟು ಜನ ಬದುಕಿದ್ದಾರೆಂದು ನನಗೆ ಗೊತ್ತಿಲ್ಲ. ಅವರ ಪರವಾಗಿ ಉತ್ತರ ಕೊಡುವ ಅಧಿಕಾರ ನನಗಿಲ್ಲ. ನನ್ನ ಪಾಲಿನದ್ದು ಎಷ್ಟೆಂದು ಯೋಚಿಸಿ ಬರೆಯೋಣವೆಂದು ಕೂತೆ, ಆದರೆ ಜಟ್ಟಿ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಸಂಜೆ ನಾಲ್ಕು ಹೊಡೆಯಿತು. ಪಶ್ಚಿಮದ ಕೊನೆಯ ಹಾಸಿಗೆಯಿಂದ ಶುರು ಮಾಡಬೇಕು, ಅವರದ್ದು ಎಡಮಗ್ಗುಲು.